ಶುಕ್ರವಾರ ನಾಲ್ಕೂಕಾಲರ ಪ್ರಬಂಧ

ಹದಿನಾರು ಪ್ರಬಂಧ, ಹದಿನಾಲ್ಕು ಹೊತ್ತು. ಎರಡನ್ನು ಯಾರಿಗೂ ನೋವಾಗದ ಹಾಗೆ ಕೈಬಿಡಬೇಕು, ಉಳಿದವನ್ನು ಯಾರಿಗೂ ಸಿಟ್ಟು ಬಾರದ ಹಾಗೆ ಜೋಡಿಸಬೇಕು, ಮಧ್ಯಾಹ್ನ ಒಂದು ಗಂಟೆಯೊಳಗೆ ಪಟ್ಟಿ ಟೈಪಿಸ್ಟ್ ಅಲಮೇಲುವಿನ ಮೇಜಿಗೆ ಹೋಗಬೇಕು. ಉಪೇಂದ್ರ ಒಂದೊಂದು ಪ್ರಬಂಧದ ಹೆಸರನ್ನು ಒಂದೊಂದು ಹಳೆಯ ಪಂಚ್ ಕಾರ್ಡಿನ ಬೆನ್ನಿಗೆ ಬರೆದು, ರಮ್ಮಿ ಆಡುವವರ ಹಾಗೆ ಹರಡಿಕೊಂಡು ಬೆಳಿಗ್ಗೆ ಎಂಟೂವರೆಯಿಂದ ಕೂತಿದ್ದ. ಗೊರಗುಂಟೆಪಾಳ್ಯದ ಆ ಮೀಟರ್ ಕಾರ್ಖಾನೆಯಲ್ಲಿ ಇಂಥದ್ದು ನಡೆಯುತ್ತಿರುವುದು ಇದೇ ಮೊದಲು. ಉದ್ಯಮ ವ್ಯವಹಾರಕ್ಕೆ ಸಾಫ್ಟ್‌ವೇರ್ ಎಂಬ ಹೆಸರಿನ ಎರಡು ದಿನದ ಸಮ್ಮೇಳನ, ಗುರುವಾರ ಮತ್ತು ಶುಕ್ರವಾರ. ಊರಿನ ದೊಡ್ಡ ಕಾರ್ಖಾನೆಗಳ ಕಂಪ್ಯೂಟರ್ ವಿಭಾಗದವರೆಲ್ಲ ಬರುತ್ತಾರೆ; ಸಂಬಳ, ಹಾಜರಾತಿ, ಉಗ್ರಾಣ ಎಲ್ಲವನ್ನೂ ಒಂದೇ ಡಬ್ಬಿಯಲ್ಲಿ ಹಾಕಿ ಮಾರುವ ಬೊಂಬಾಯಿಯ ಕಂಪನಿಯವರು ಬರುತ್ತಾರೆ; ಮದ್ರಾಸಿನ ಪ್ರೊಫೆಸರು ಬರುತ್ತಾರೆ. ಪ್ರೊಫೆಸರಿಗೆ ಊಟವಾದ ಮೇಲಿನ ಹೊತ್ತು ಕೊಟ್ಟರೆ ಅವಮಾನ, ಬೊಂಬಾಯಿಯವರಿಗೆ ಕೊಟ್ಟರೆ ಅವರು ತಂದಿರುವ ಬಣ್ಣದ ಸ್ಲೈಡುಗಳ ಕತ್ತಲಲ್ಲಿ ಸಭೆಯೆಲ್ಲ ಗೊರಕೆ. ಯಾರ ಪಕ್ಕದಲ್ಲಿ ಯಾರು, ಯಾರ ಹಿಂದೆ ಯಾರು ಎನ್ನುವುದು ಮದುವೆಮನೆಯ ಪಂಕ್ತಿಯಷ್ಟೇ ಸೂಕ್ಷ್ಮದ ವಿಷಯ ಎಂದು ಉಪೇಂದ್ರನಿಗೆ ಗೊತ್ತಿತ್ತು. ಇಂಥ ಕೆಲಸದಲ್ಲಿ ಅವನದು ಒಳ್ಳೆಯ ಕೈ. ಯಾರನ್ನೂ ನೋಯಿಸದೆ ಬದುಕುವುದರಲ್ಲಿ ನಲವತ್ತೊಂದು ವರ್ಷ ಸವೆಸಿದ್ದ, ಅಥವಾ ಹಾಗೆಂದು ತಾನೇ ಹೇಳಿಕೊಳ್ಳುತ್ತಿದ್ದ.

ಹನ್ನೊಂದನೆಯ ಕಾರ್ಡನ್ನು ಮಾತ್ರ ಅವನು ಬೆಳಗಿನಿಂದ ಬೋರಲು ಹಾಕಿಟ್ಟಿದ್ದ. ಅದರ ಮೇಲೆ ಬರೆದದ್ದು ಬಾಯಿಪಾಠವಾಗಿತ್ತು: ‘ಹಾಜರಾತಿ ಲೆಕ್ಕದಲ್ಲಿ ನಮ್ಮಿಂದಾದ ಒಂದು ತಪ್ಪು — ಬಿ. ಸೇತುರಾಮರಾವ್, ವಿಭಾಗದ ಮುಖ್ಯಸ್ಥರು.’ ಇಡೀ ಸಮ್ಮೇಳನದಲ್ಲಿ ಎಲ್ಲರೂ ತಾವು ಗೆದ್ದದ್ದನ್ನು ಹೇಳಲು ಬರುವಾಗ ಈ ಮುದುಕರೊಬ್ಬರಿಗೆ ಎಡವಿದ್ದನ್ನು ಹೇಳುವ ಹುಕಿ ಯಾಕೆ ಬರಬೇಕು? ಈ ತಿಂಗಳ ಕೊನೆಗೆ ನಿವೃತ್ತಿ. ಹಾರ ಹಾಕಿಸಿಕೊಂಡು, ಕೊಟ್ಟ ಗೋಡೆ ಗಡಿಯಾರ ತೆಗೆದುಕೊಂಡು ಯಶವಂತಪುರದ ಮನೆಗೆ ಹೋಗಿ ಆರಾಮಾಗಿ ಇರಬಾರದೆ? ಅವರ ಕುರ್ಚಿಗೆ ಉಪೇಂದ್ರನ ಹೆಸರು ಮೇಲಕ್ಕೆ ಹೋಗಿ ಮೂರು ವಾರವಾಗಿತ್ತು, ಆದೇಶ ಇನ್ನೂ ಬಂದಿರಲಿಲ್ಲ. ಬೇರೆ ಯಾರದಾಗಿದ್ದರೂ ಕೈಬಿಡಬೇಕಾದ ಎರಡರಲ್ಲಿ ಇದನ್ನೇ ಒಂದು ಮಾಡಬಹುದಿತ್ತು. ಆದರೆ ಗೋಕಾಕ್ ಚಳವಳಿಯಾದಾಗಿನಿಂದ ಕಾರ್ಖಾನೆಯ ಕನ್ನಡ ಸಂಘಕ್ಕೆ ಜೋರು ಬಂದಿತ್ತು. ಒಂದಾದರೂ ಕನ್ನಡದ ಪ್ರಬಂಧ ಇರಲೇಬೇಕೆಂದು ಅವರು ಬಂದು ಕೂತಿದ್ದರು. ಇದ್ದದ್ದು ಇದೊಂದೇ. ಹಸಿರು ಇಂಕಿನಲ್ಲಿ ಬರೆದ ಒಂಬತ್ತು ಹಾಳೆ, ಖಾಕಿ ಲಕೋಟೆಯಲ್ಲಿ, ಎಡಗಡೆಯ ಡ್ರಾದಲ್ಲಿ ಹನ್ನೆರಡು ದಿನದಿಂದ ಬಿದ್ದಿತ್ತು. ಉಪೇಂದ್ರ ಅದನ್ನು ಬಿಚ್ಚಿ ನೋಡಿರಲಿಲ್ಲ. ನೋಡಿದರೆ ಅದರೊಳಗೆ ತನ್ನ ಹೆಸರಿರುತ್ತದೆ ಎಂದು ಅವನಿಗೆ ಹೆದರಿಕೆ.

ಹೆಸರಿರದೆ ಎಲ್ಲಿಗೆ ಹೋಗುತ್ತದೆ? ಆ ಪ್ರೋಗ್ರಾಂ ಬರೆದವನು ಅವನೇ. ಎಪ್ಪತ್ತೆಂಟನೆಯ ಇಸವಿ, ಗೇಟಿನಲ್ಲಿ ಕೆಲಸಗಾರರು ಒತ್ತಿದ ಹಾಜರಾತಿಯನ್ನು ದಿನಕ್ಕೊಬ್ಬರಿಗೊಂದು ಕಾರ್ಡಿನಂತೆ ತೂತು ಹೊಡೆದು ಯಂತ್ರಕ್ಕೆ ತಿನ್ನಿಸುತ್ತಿದ್ದ ಕಾಲ. ಟೋಕನ್ ನಂಬರಿಗೂ ವಿಭಾಗದ ನಂಬರಿಗೂ ತಾಳೆಯಾಗದ ಕಾರ್ಡನ್ನು ಯಂತ್ರ ಲೆಕ್ಕಕ್ಕೆ ಹಿಡಿಯದೆ ಪಕ್ಕಕ್ಕೆ ತಳ್ಳುತ್ತಿತ್ತು. ತಳ್ಳಿದ ಕಾರ್ಡುಗಳನ್ನು ವಾರಕ್ಕೊಮ್ಮೆ ನೋಡಿ ಸರಿಪಡಿಸುವುದು ಉಪೇಂದ್ರನ ಕೆಲಸ. ಆ ತಿಂಗಳು ಅವನು ಆರ್.ಟಿ. ನಗರಕ್ಕೆ ಮನೆ ಬದಲಾಯಿಸುತ್ತಿದ್ದ, ಹೆಂಡತಿ ಸೀತಾ ಬಸುರಿ, ನೋಡಲಿಲ್ಲ. ಟೋಕನ್ 4417, ಮುನಿಆಂಜಿನಪ್ಪ ಎಂಬ ಕೆಲಸಗಾರನನ್ನು ಅದೇ ತಿಂಗಳು ಎರಕದ ವಿಭಾಗದಿಂದ ಪೇಂಟಿಂಗಿಗೆ ವರ್ಗ ಮಾಡಿದ್ದರು, ಯಂತ್ರದ ಪಟ್ಟಿಯಲ್ಲಿ ಹಳೆಯ ವಿಭಾಗವೇ ಉಳಿದಿತ್ತು. ಅವನು ದಿನಾ ಬಂದ, ದಿನಾ ಅವನ ಕಾರ್ಡನ್ನು ಯಂತ್ರ ತಳ್ಳಿತು, ತಿಂಗಳ ಕೊನೆಗೆ ಇಪ್ಪತ್ತೆರಡು ದಿನ ಗೈರುಹಾಜರು ಎಂದು ಪಟ್ಟಿ ಬಂತು. ಹೇಳದೆ ಹತ್ತು ದಿನಕ್ಕಿಂತ ಹೆಚ್ಚು ತಪ್ಪಿಸಿಕೊಂಡವನ ಹೆಸರು ತಾನಾಗಿ ಹೋಗಬೇಕೆಂಬುದು ನಿಯಮ. ವಿಚಾರಣೆ ಅಂತ ಒಂದು ನಡೆಯಿತು. ಪೇಂಟಿಂಗಿನ ಹೊಸ ಸೂಪರ್‌ವೈಸರು ತನಗೆ ಮುಖ ನೆನಪಿಲ್ಲ ಎಂದ. ಯಂತ್ರಕ್ಕೆ ನಿನ್ನ ಮೇಲೇನು ದ್ವೇಷವಯ್ಯಾ ಎಂದು ವಿಚಾರಣಾಧಿಕಾರಿ ಕೇಳಿದರಂತೆ, ಎಲ್ಲರೂ ನಕ್ಕರಂತೆ. ಅವನ ಕೆಲಸ ಹೋಯಿತು. ಎರಡು ತಿಂಗಳಾದ ಮೇಲೆ ಉಪೇಂದ್ರ ಕಪಾಟು ತೆರವು ಮಾಡುವಾಗ ರಬ್ಬರ್ ಬ್ಯಾಂಡ್ ಹಾಕಿದ ಕಾರ್ಡುಗಳ ಕಟ್ಟು ಸಿಕ್ಕಿತು. ಎಣಿಸಿದ. ಇಪ್ಪತ್ತೆರಡು.

ಸೇತುರಾಮರಾಯರಿಗೆ ಹೇಳಿದ್ದ, ಅದು ನಿಜ. ಅಷ್ಟು ಮಟ್ಟಿಗೆ ತಾನು ಕೆಟ್ಟವನಲ್ಲ ಎಂದು ಎಷ್ಟು ಸಲ ಸಮಾಧಾನ ಮಾಡಿಕೊಂಡಿಲ್ಲ! ರಾಯರು ಮುಖ ಕಪ್ಪು ಮಾಡಿಕೊಂಡು ಮೇಲಿನವರಿಗೆ ಟಿಪ್ಪಣಿ ಬರೆದರು. ಕಂಪ್ಯೂಟರ್ ಬಂದರೆ ಕೆಲಸ ಹೋಗುತ್ತದೆಂದು ಯೂನಿಯನ್ನಿನವರು ಗೇಟಿನಲ್ಲಿ ಕೂಗುತ್ತಿದ್ದ ದಿನ. ಅವರ ಕೈಗೆ ನೀವೇ ದೊಣ್ಣೆ ಕೊಡುತ್ತೀರೇನ್ರೀ ಎಂದು ಆಗಿನ ದೊಡ್ಡವರು ಟಿಪ್ಪಣಿಯನ್ನು ವಾಪಸು ಕಳಿಸಿದರು. ಆ ಕಾರ್ಡುಗಳನ್ನಾದರೂ ಜೋಪಾನವಾಗಿಡು ಎಂದರು ರಾಯರು. ವಿಭಾಗದವರೆಲ್ಲ ಉಪಯೋಗ ಮುಗಿದ ಕಾರ್ಡುಗಳನ್ನು ಮನೆಗೆ ಒಯ್ಯುತ್ತಿದ್ದರು, ಗಟ್ಟಿ ಕಾಗದ, ಬೆನ್ನು ಖಾಲಿ, ಚೀಟಿ ಬರೆಯಲು ಅನುಕೂಲ. ಉಪೇಂದ್ರ ಹರಿಯಲಿಲ್ಲ, ಸುಡಲಿಲ್ಲ. ಒಂದು ಶನಿವಾರ ಮನೆಗೆ ಒಯ್ಯುವ ಕಟ್ಟಿನ ನಡುವೆ ಇವನ್ನೂ ಸೇರಿಸಿ ಅಡುಗೆಮನೆಯ ಗೂಡಿನಲ್ಲಿ ಇಟ್ಟ. ಅಷ್ಟೇ. ಮುಂದಿನದನ್ನು ಸೀತಾ ಏನೂ ತಿಳಿಯದೆ ಮಾಡಿದಳು. ಕಡಲೆಬೇಳೆ ಅರ್ಧ ಕೆಜಿ, ಹುಣಸೆಹಣ್ಣು, ಬಟ್ಟೆ ಸೋಪು ಎರಡು ಎಂದು ಗುಂಡು ಗುಂಡಾದ ಅಕ್ಷರದಲ್ಲಿ ಬರೆದು ಬ್ಯಾಗಿನೊಳಗೆ ಹಾಕಿಕೊಡುವಳು, ಉಪೇಂದ್ರ ಚೀಟಿಯನ್ನು ತಿರುಗಿಸಿ ನೋಡದೆ ಶೆಟ್ಟರ ಅಂಗಡಿಯ ಕಟ್ಟೆಯ ಮೇಲೆ ಇಡುವನು. ಒಮ್ಮೆ ಮಾತ್ರ ಶೆಟ್ಟರು ಕಾರ್ಡನ್ನು ಬೆಳಕಿಗೆ ಹಿಡಿದು, ಇಷ್ಟು ತೂತಿದ್ರೆ ಸಾಮಾನೆಲ್ಲ ಸೋರಿಹೋಗಲ್ವಾ ಸಾರ್ ಎಂದು ತಮಾಷೆ ಮಾಡಿದ್ದರು. ಮುನಿಆಂಜಿನಪ್ಪ ಕೆಲಸಕ್ಕೆ ಬಂದ ಇಪ್ಪತ್ತೆರಡು ದಿನಗಳು ಹೀಗೆ ಒಂದೊಂದಾಗಿ ಬೇಳೆಗೆ, ಬೆಲ್ಲಕ್ಕೆ ಹೋಗಿ ತೀರಿದವು. ಕಾರ್ಡು ಎಲ್ಲಯ್ಯಾ ಎಂದು ರಾಯರು ಕೇಳಿದಾಗ, ಕಳೆದುಹೋಗಿದೆ ಸಾರ್ ಎಂದಿದ್ದ.

ಫೋನು ಬಡಿದುಕೊಂಡಿತು. ಜನರಲ್ ಮ್ಯಾನೇಜರು. “ಉಪೇಂದ್ರ, ಶುಕ್ರವಾರ ಹೊಸ ಮಿಷನ್ ರೂಮಿನ ರಿಬ್ಬನ್ ಕಟಿಂಗು ಹತ್ತೂಮುಕ್ಕಾಲಿಗೆ ಹಾಕಿದ್ದೀಯಲ್ಲ, ಅದು ರಾಹುಕಾಲ ಕಣಯ್ಯ. ನನಗೆ ಇದರಲ್ಲೆಲ್ಲ ನಂಬಿಕೆ ಇಲ್ಲ. ಆದರೆ ಬರೋರಿಗಿದೆ. ಹನ್ನೆರಡು ಗಂಟೆ ದಾಟಿದ ಮೇಲೆ ಹಾಕು.” ಹಾಕುತ್ತೇನೆ ಸಾರ್ ಎಂದು ಉಪೇಂದ್ರ ನಿಂತುಕೊಂಡೇ ಹೇಳಿದ. ಕೂತಾಗ ಊಟ ತಡವಾಗಿ ಶುಕ್ರವಾರ ಮಧ್ಯಾಹ್ನದ ಕಾರ್ಡುಗಳೆಲ್ಲ ಅರ್ಧ ಗಂಟೆ ಕೆಳಗೆ ಜರುಗಬೇಕಾಯಿತು. ಮೂರೂಮುಕ್ಕಾಲಕ್ಕಿದ್ದ ಕೊನೆಯ ಹೊತ್ತು ನಾಲ್ಕೂಕಾಲಕ್ಕೆ ಬಂತು. ಅವನು ಅದನ್ನೇ ನೋಡುತ್ತ ಕೂತ. ನಾಲ್ಕು ಗಂಟೆಗೆ ಕಾಫಿ, ಕಾಫಿಯ ಜೊತೆಗೇ ಬಂದವರಿಗೆಲ್ಲ ರೆಗ್ಜಿನ್ ಬ್ಯಾಗಿನ ಉಡುಗೊರೆ. ಬ್ಯಾಗು ಕೈಗೆ ಬಂದಮೇಲೆ ಯಾವ ಗಂಡಸು ಸಭೆಗೆ ವಾಪಸು ಬರುತ್ತಾನೆ? ಬೊಂಬಾಯಿಯವರು ಸ್ಟೇಷನ್ನಿಗೆ ಓಡುತ್ತಾರೆ, ನಾಲ್ಕೂಮುಕ್ಕಾಲಿಗೆ ಕಾರ್ಖಾನೆಯ ಬಸ್ಸುಗಳು ಹೊರಡುತ್ತವೆ, ಕನ್ನಡ ಸಂಘದವರೂ ಬಸ್ಸಿನಲ್ಲಿ ಸೀಟು ಹಿಡಿಯಲೇಬೇಕು. ಬೋರಲು ಬಿದ್ದಿದ್ದ ಹನ್ನೊಂದನೆಯ ಕಾರ್ಡನ್ನು ಎತ್ತಿ ಅಲ್ಲಿಟ್ಟ. ತಾನು ಮಾಡಿದ್ದೇನೂ ಇಲ್ಲ, ಮಾಡಿದ್ದು ರಾಹುಕಾಲ. ಮುಖ್ಯಸ್ಥರದೇ ಪ್ರಬಂಧವಾದ್ದರಿಂದ ಸಮಾರೋಪಕ್ಕೆ ಇಟ್ಟೆವು ಎಂದರೆ ಗೌರವ ಕೊಟ್ಟ ಹಾಗೂ ಕೇಳುತ್ತದೆ. ಮನಸ್ಸು ಹಗುರವಾಯಿತು. ಅದರ ಹಿಂದೆಯೇ ಅಸಹ್ಯವೂ ಎದ್ದಿತು, ಆದರೆ ಎರಡರಲ್ಲಿ ಹಗುರವಾದದ್ದೇ ಹೆಚ್ಚು ಹಿತವಾಗಿತ್ತು. ಹನ್ನೊಂದು ಗಂಟೆಗೆಲ್ಲ ಪಟ್ಟಿಯನ್ನು ಅಲಮೇಲುವಿಗೆ ಕೊಟ್ಟು ಬಂದ.

ಕ್ಯಾಂಟೀನಿನಲ್ಲಿ ರಾಯರು ಸಿಗಬಾರದಿತ್ತು, ಸಿಕ್ಕರು. ಅವರು ಮೊಸರನ್ನಕ್ಕೆ ನೀರು ಬೆರೆಸಿ ಕಲಸುತ್ತಿದ್ದರು. ಹಲ್ಲು ಕಟ್ಟಿಸಿದಾಗಿನಿಂದ ಅವರ ಊಟ ನಿಧಾನ. ಎದುರು ಕೂರದೆ ಹೋಗಲು ಆಗಲಿಲ್ಲ. ಹದಿನಾರು ವರ್ಷದ ಹಿಂದೆ ಇದೇ ಕ್ಯಾಂಟೀನಿನಲ್ಲಿ, ಕೆಲಸಕ್ಕೆ ಸೇರಿದ ಮೊದಲ ದಿನ, ಕೂಪನ್ನು ತಗೋಬೇಕೆಂದು ಗೊತ್ತಿಲ್ಲದೆ ತಟ್ಟೆ ಹಿಡಿದು ನಿಂತು ಬಡಿಸುವವನಿಂದ ಬೈಸಿಕೊಂಡಿದ್ದ ಉಪೇಂದ್ರನಿಗೆ ತಮ್ಮ ಕೂಪನ್ನು ಕೊಟ್ಟು, ನನಗೆ ಇವತ್ತು ಏಕಾದಶಿ ಎಂದು ಸುಳ್ಳು ಹೇಳಿದ್ದವರು ಇವರು. ಆ ಉಪಕಾರವನ್ನು ನೆನೆದಾಗಲೆಲ್ಲ ಅವನಿಗೆ ರಾಯರ ಮೇಲೆ ಕೋಪ ಬರುತ್ತಿತ್ತು.

“ನನ್ನದು ಯಾವತ್ತು ಹಾಕ್ದೆಯಪ್ಪ?” ಎಂದರು ರಾಯರು.

“ಇನ್ನೂ ಪೂರ್ತಿ ಆಗಿಲ್ಲ ಸಾರ್. ಸ್ವಲ್ಪ ಹಿಂದೆ ಮುಂದೆ ಆಗ್ತಿದೆ.”

“ಓದಿದೆಯಾ?”

“ಓದ್ದೆ ಸಾರ್. ಚೆನ್ನಾಗಿದೆ.”

ರಾಯರ ಕೈ ಅನ್ನದಲ್ಲಿ ನಿಂತಿತು. ಅವರು ತಲೆಯೆತ್ತಿ ಉಪೇಂದ್ರನನ್ನು ನೋಡಿದರು, ಪ್ರೋಗ್ರಾಮಿನ ಯಾವುದೋ ಸಾಲು ಸರಿಯಿಲ್ಲ ಎನಿಸಿದಾಗ ನೋಡುವಂತೆ, ಬೇಸರವಿಲ್ಲದೆ. “ಚೆನ್ನಾಗಿದೆಯಾ?” ಎಂದರು. “ಸರಿ.” ಮತ್ತೆ ಕಲಸತೊಡಗಿದರು. ಉಪೇಂದ್ರ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಇಂಥ ಬರಹಕ್ಕೆ ಚೆನ್ನಾಗಿದೆ ಎನ್ನುವವರುಂಟೆ? ನಿಜವಾಗಿ ಓದಿದವನು ಏನು ಹೇಳುತ್ತಿದ್ದ? ಗಾಬರಿಯಾಗುತ್ತಿದ್ದನೆ, ಅಳುತ್ತಿದ್ದನೆ, ನನ್ನ ಹೆಸರು ತೆಗೆಯಿರಿ ಎಂದು ಕಾಲು ಹಿಡಿಯುತ್ತಿದ್ದನೆ? ತಾನು ಹೇಳಿದ ಸುಳ್ಳು ಸುಳ್ಳೆಂದು ಗೊತ್ತಾಗುವುದಕ್ಕಿಂತ, ಅದು ನಿಜವಾಗಿದ್ದರೆ ತಾನು ಎಂಥವನಾಗಿರಬೇಕಿತ್ತು ಎಂಬುದು ಅವನನ್ನು ಕಾಡಿತು. ಮಜ್ಜಿಗೆ ಕುಡಿಯದೆ ಎದ್ದ.

ಯಂತ್ರದ ಕೋಣೆ ಸದಾ ತಣ್ಣಗಿರುತ್ತಿತ್ತು, ಊಟದ ಹೊತ್ತಿನಲ್ಲಿ ಅಲ್ಲಿ ಯಾರೂ ಇರುತ್ತಿರಲಿಲ್ಲ. ಟೇಪಿನ ಕಪಾಟುಗಳ ಹಿಂದೆ ನಿಂತುಕೊಂಡು ಉಪೇಂದ್ರ ಲಕೋಟೆ ಬಿಚ್ಚಿದ. ಮೊದಲು ಓದಲಿಲ್ಲ, ತನ್ನ ಹೆಸರಿಗಾಗಿ ಹುಡುಕಿದ. ಒಂಬತ್ತು ಹಾಳೆಯನ್ನೂ ಮೇಲಿನಿಂದ ಕೆಳಕ್ಕೆ ಬೆರಳಿಟ್ಟು ನೋಡಿದ. ಇಲ್ಲ. ಮತ್ತೆ ನೋಡಿದ. ಮೂರನೆಯ ಹಾಳೆಯ ಕೊನೆಗೆ ಇತ್ತು: ‘ಈ ಪ್ರೋಗ್ರಾಮನ್ನು ಬರೆದವನು ನಾನು. ಯಂತ್ರ ತಳ್ಳಿದ ಕಾರ್ಡುಗಳನ್ನು ನೋಡಬೇಕಾದವನೂ ನಾನು. ನೋಡಲಿಲ್ಲ. ಆಮೇಲೆ ಸಿಕ್ಕ ಕಾರ್ಡುಗಳನ್ನು ಕಾಪಾಡಲಿಲ್ಲ. ತಪ್ಪು ಗೊತ್ತಾದ ಮೇಲೂ ಒಮ್ಮೆ ಬರೆದು ಸುಮ್ಮನಾದೆ.’ ಉಪೇಂದ್ರ ಟೇಪಿನ ಡಬ್ಬಗಳ ಮೇಲೆ ಕೂತ. ನಗು ಬಂತು. ಅದು ಸಂತೋಷವೇ, ಸುಳ್ಳು ಹೇಳಿ ಪ್ರಯೋಜನವಿಲ್ಲ. ಡಾಕ್ಟರು ಎಕ್ಸ್‌ರೇ ನೋಡಿ ಏನೂ ಇಲ್ಲ ಎಂದಾಗ ಆಗುವಂಥ ಸಂತೋಷ. ಅದು ಕಾಲುಗಂಟೆ ಇತ್ತು. ಆಮೇಲೆ ಮೊದಲಿನಿಂದ ಓದಿದ. ಬರಹ ಸ್ವಚ್ಛವಾಗಿತ್ತು, ಎಲ್ಲೂ ಗೋಳಾಟವಿರಲಿಲ್ಲ. ಯಾವ ದಿನ ಯಾವ ಕಾರ್ಡು ಏಕೆ ಹೊರಗೆ ಬಿತ್ತು, ಅದನ್ನು ಹಿಡಿಯಲು ಏನು ಮಾಡಬಹುದಿತ್ತು, ಡಬ್ಬಿಯಲ್ಲಿ ಹಾಕಿ ಮಾರುವ ಸಾಫ್ಟ್‌ವೇರನ್ನು ಕೊಳ್ಳುವವರು ಮೊದಲು ಏನು ಕೇಳಬೇಕು, ಎಲ್ಲವೂ ಇತ್ತು. ಇದನ್ನು ಜನ ಕೇಳಬೇಕು ಎಂದು ಉಪೇಂದ್ರನಿಗೆ ಅನ್ನಿಸಿತು. ನಿಜವಾಗಿಯೂ ಅನ್ನಿಸಿತು. ಕಣ್ಣು ಕೂಡ ಒದ್ದೆಯಾಯಿತು. ಇಂಥ ಪ್ರಬಂಧವನ್ನು ಶುಕ್ರವಾರ ನಾಲ್ಕೂಕಾಲಕ್ಕೆ ಹಾಕುವುದೆಂದರೇನು, ಅನ್ಯಾಯವಲ್ಲವೆ ಎಂದುಕೊಂಡು ಅವನು ಎದ್ದು ನಡೆದ.

“ಸ್ಟೆನ್ಸಿಲ್ ಆಗ್ಲೇ ಕಟ್ ಮಾಡಿಬಿಟ್ಟೆ ಸಾರ್,” ಎಂದಳು ಅಲಮೇಲು. ಪಕ್ಕದಲ್ಲಿ ಅದರಿಂದ ತೆಗೆದ ಒಂದು ಮಾದರಿ ಪ್ರತಿ, ಇಂಕು ಇನ್ನೂ ಒಣಗಿರಲಿಲ್ಲ. ಅವಳಿಗೆ ಐವತ್ತರ ಸಮೀಪ. ಮಲ್ಲೇಶ್ವರದಿಂದ ಬಸ್ಸಿನಲ್ಲಿ ಬಂದು, ಯಾರ ಗೊಡವೆಗೂ ಹೋಗದೆ ಟೈಪು ಮಾಡಿ, ಬಸ್ಸಿನಲ್ಲಿ ಹೋಗುವವಳು.

“ಸೇತುರಾಮರಾಯರದ್ದನ್ನ ಗುರುವಾರ ಹನ್ನೊಂದೂವರೆಗೆ ಹಾಕ್ಬೇಕಮ್ಮ. ಉದ್ಘಾಟನೆ ಆದ ತಕ್ಷಣ. ಬೊಂಬಾಯಿಯವರು ಶುಕ್ರವಾರ ಕೊನೆಗೆ ಹೋಗ್ಲಿ.”

“ಬೊಂಬಾಯಿಯವರು ಕೊನೆಗಾ?”

“ಹೌದು. ಅವರು ಮಾರೋಕೆ ಬರೋರು. ಇದು ಮುಖ್ಯವಾದ್ದು.” ತನ್ನ ದನಿಯಲ್ಲಿನ ಧೈರ್ಯ ಅವನಿಗೇ ಇಷ್ಟವಾಯಿತು.

“ತಿದ್ದೋಕಾಗಲ್ಲ ಸಾರ್, ಇಡೀ ಸ್ಟೆನ್ಸಿಲ್ ಇನ್ನೊಂದ್ಸಲ ಮಾಡ್ಬೇಕು,” ಎಂದು ಅವಳು ಹೊಸ ಸ್ಟೆನ್ಸಿಲ್ ತೆಗೆದು ರೋಲರಿಗೆ ಏರಿಸಿದಳು. ಬೆಳಿಗ್ಗೆ ಮುಖ್ಯವಲ್ಲದ್ದು ಮಧ್ಯಾಹ್ನ ಹೇಗೆ ಮುಖ್ಯವಾಯಿತು ಎಂದು ಅವಳು ಕೇಳಲಿಲ್ಲ. ಉಪೇಂದ್ರ ತನ್ನ ಮೇಜಿಗೆ ಬಂದು ಜನರಲ್ ಮ್ಯಾನೇಜರಿಗೆ ಫೋನು ಮಾಡಿ, ಕನ್ನಡದ ಪ್ರಬಂಧ ಮೊದಲಿಗೇ ಇದ್ದರೆ ಸಂಘದವರ ಬಾಯಿ ಮುಚ್ಚುತ್ತದೆ ಸಾರ್ ಎಂದ. ಒಳ್ಳೆ ತಲೆ ಕಣಯ್ಯ ನಿಂದು ಎಂದರು ಅವರು. ಆ ಮಾತು ಕೇಳಿ ಅವನ ಕಿವಿ ಬೆಚ್ಚಗಾಯಿತು, ಕುರ್ಚಿಯ ಆದೇಶ ಈ ವಾರವೇ ಬರಬಹುದೆಂದೂ ಅನ್ನಿಸಿತು.

ನಾಲ್ಕು ಗಂಟೆಗೆ ರಾಯರು ಬಂದರು. ಮುಖ್ಯಸ್ಥರು ತಾವೇ ಉಪೇಂದ್ರನ ಮೇಜಿನ ಹತ್ತಿರ ಬರುವುದು ಅಪರೂಪ. ಅವನು ಎದ್ದು ನಿಂತ. ಅವರು ಎದುರಿನ ಸ್ಟೂಲಿನ ಮೇಲೆ ಕೂತು ಎರಡು ಹಾಳೆಗಳನ್ನು ಮೇಜಿನ ಮೇಲೆ ಪಕ್ಕ ಪಕ್ಕ ಇಟ್ಟರು. ಎರಡೂ ಪಟ್ಟಿಗಳೇ. ಒಂದು ಬೆಳಗಿನ ಮಾದರಿ ಪ್ರತಿ, ಒಂದು ಮಧ್ಯಾಹ್ನದ್ದು. “ಅಲಮೇಲು ಮೇಲೆ ರೇಗಬೇಡ. ಮುಖ್ಯಸ್ಥರ ರುಜು ಬೇಕಲ್ಲ, ಎರಡನ್ನೂ ಕಳಿಸಿದಾಳೆ. ಅವಳ ಕೆಲಸ ಅವಳು ಮಾಡಿದಾಳೆ,” ಎಂದರು.

ಉಪೇಂದ್ರ ಎರಡು ಹಾಳೆಗಳ ಮೇಲೂ ಕಣ್ಣಾಡಿಸಿದ.

“ಊಟದ ಹೊತ್ತಲ್ಲಿ ಓದ್ದೆ ಅಂದೆ. ಆಗ ಇದು ಶುಕ್ರವಾರ ನಾಲ್ಕೂಕಾಲು. ಈಗ ಗುರುವಾರ ಹನ್ನೊಂದೂವರೆ. ಮಧ್ಯದಲ್ಲಿ ಬದಲಾಗಿರೋದು ಒಂದೇ. ಊಟ ಆದ್ಮೇಲೆ ನಿಜವಾಗಿ ಓದಿದೀಯ. ಸರೀನಾ?”

“ಸಾರ್, ರಾಹುಕಾಲ ಅಂತ ಜಿ.ಎಂ. ಫೋನ್ ಮಾಡಿ...”

“ನಿಂತ್ಕೋಬೇಡ, ಕೂತ್ಕೋ.” ಅವನು ಕೂತ. ಸುತ್ತ ನಾಲ್ಕು ಮೇಜಿನವರು ತಲೆ ಬಗ್ಗಿಸಿ ಕೆಲಸ ಮಾಡುತ್ತಿದ್ದರು. ರಾಯರು ದನಿ ಎತ್ತರಿಸಲಿಲ್ಲ, ಅದು ಇನ್ನೂ ಕಷ್ಟವಾಗಿತ್ತು. “ನಿನ್ನ ಹೆಸರು ಹಾಕಿದ್ರೆ ನೀನು ಇದನ್ನ ಯಾರ ಕಿವಿಗೂ ಬೀಳದ ಹಾಗೆ ಮಾಡ್ತೀಯ ಅಂತ ಗೊತ್ತಿತ್ತು ಕಣೋ. ಹದಿನಾರು ವರ್ಷದಿಂದ ನೋಡಿದೀನಿ. ಅದಕ್ಕೇ ನನ್ನ ಹೆಸರು ಹಾಕ್ಕೊಂಡೆ. ವಿಷಯ ಜನಕ್ಕೆ ಮುಟ್ಟಬೇಕು, ಯಾರ ಹೆಸರಲ್ಲಾದ್ರೂ ಮುಟ್ಟಲಿ. ಆದರೆ ನೀನು ಬಿಚ್ಚಿ ನೋಡೋಕೂ ಹೆದರ್ತೀಯ ಅಂತ ನನಗೆ ಹೊಳೀಲಿಲ್ಲ ನೋಡು.” ಅವರು ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿದರು. “ಬೈತಾ ಇಲ್ಲಪ್ಪ. ಬೈಯೋಕೆ ನನಗೇನು ಮುಖ ಇದೆ? ಏಳು ವರ್ಷ ನಾನೂ ಬಾಯಿ ಬಿಡ್ಲಿಲ್ಲ. ಆ ಕಾರ್ಡು ಏನಾಯ್ತು ಅಂತ ಒಂದು ಹೇಳು.”

“ಕಳೆದುಹೋಯ್ತು ಸಾರ್,” ಎಂದ ಉಪೇಂದ್ರ. ಈಗ ನಿಜ ಹೇಳಬಹುದಿತ್ತು. ಹೇಳಿದ್ದರೆ ಏನೂ ಆಗುತ್ತಿರಲಿಲ್ಲ. ಬಾಯಿ ತಾನಾಗಿ ಹಳೆಯ ಮಾತನ್ನೇ ಆಡಿತು.

ರಾಯರು ಜೇಬಿನಿಂದ ಸಮ್ಮೇಳನದ ಆಮಂತ್ರಣವೊಂದನ್ನು ತೆಗೆದರು. ಕಾರ್ಖಾನೆಯ ಲಾಂಛನವಿದ್ದ ಖಾಕಿ ಲಕೋಟೆ, ಮೇಲೆ ಹಸಿರು ಇಂಕಿನಲ್ಲಿ ಶ್ರೀ ಮುನಿಆಂಜಿನಪ್ಪನವರಿಗೆ ಎಂದು ಬರೆದಿತ್ತು, ಟಿ. ದಾಸರಹಳ್ಳಿಯ ವಿಳಾಸ. “ಅವನು ಬಂದು ಮುಂದಿನ ಸಾಲಲ್ಲಿ ಕೂತು ಕೇಳಲಿ. ನಾನೇ ಹೋಗಬಹುದಿತ್ತು. ನೀನು ಹೋಗು. ಇವತ್ತೇ ಹೋಗು. ಕೆಲಸ ವಾಪಸ್ ಕೊಡಿ ಅಂತ ಹೋದ ತಿಂಗಳು ಮತ್ತೆ ಕೇಳಿ ನೋಡಿದೆ, ಆ ಫೈಲು ಮುಗಿದುಹೋಯ್ತು ಅಂದ್ರು. ಅದನ್ನ ಅವನಿಗೆ ಮೊದಲೇ ಬಿಡಿಸಿ ಹೇಳು. ಬರೀ ಒಪ್ಪಿಕೊಳ್ಳೋದು ಅಷ್ಟೇ, ಬೇರೇನೂ ಇಲ್ಲ ಅಂತ. ಸುಳ್ಳು ಆಸೆ ಹುಟ್ಟಿಸಬೇಡ ಉಪೇಂದ್ರ. ಅದೊಂದು ಮಾಡಬೇಡ.” ಆಯಿತು ಸಾರ್ ಎಂದ ಉಪೇಂದ್ರ. ಇಷ್ಟರಲ್ಲೇ ಮುಗಿಯಿತಲ್ಲ ಎಂಬ ಸಮಾಧಾನದಲ್ಲಿ ಅವನು ಏನು ಹೇಳಿದ್ದರೂ ಆಯಿತು ಎನ್ನುತ್ತಿದ್ದ.

ತುಮಕೂರು ರಸ್ತೆಯಲ್ಲಿ ಸ್ಕೂಟರ್ ಓಡಿಸುವಾಗ ಅವನು ಮಾತುಗಳನ್ನು ಜೋಡಿಸಿಕೊಳ್ಳುತ್ತ ಹೋದ. ಮೊದಲು ನಮಸ್ಕಾರ. ಆಮೇಲೆ, ಕೆಲಸದ ವಿಷಯ ಅಲ್ಲ ಇದು. ಆಮೇಲೆ, ನಮ್ಮ ಸಾಹೇಬರು ನಿಮ್ಮನ್ನು ಕಾಣಬೇಕಂತೆ. ಯಾವುದು ಹಿಂದೆ ಯಾವುದು ಮುಂದೆ ಎಂದು ಇಡೀ ದಿನ ಜೋಡಿಸಿದವನಿಗೆ ಈ ಮೂರು ಮಾತಿನ ಸರದಿ ಕೂಡಿಬರಲಿಲ್ಲ. ಲಾರಿಯೊಂದು ಕೆಮ್ಮಣ್ಣು ಎರಚಿಕೊಂಡು ಪಕ್ಕದಲ್ಲೇ ಹೋಯಿತು. ಏಳು ವರ್ಷದಲ್ಲಿ ಅವನು ಮುನಿಆಂಜಿನಪ್ಪನ ಮುಖವನ್ನೇ ನೋಡಿರಲಿಲ್ಲ. ಕನಸಿನಲ್ಲಿ ಬಂದಾಗಲೂ 4417 ಎಂಬ ಅಂಕಿಯಾಗಿ ಬರುತ್ತಿದ್ದ, ಅಂಕಿಗೆ ಮುಖವಿಲ್ಲವಾದ್ದರಿಂದ ಬೇಗ ಮರೆತುಹೋಗುತ್ತಿತ್ತು. ಈಗ ಮುಖ ಇರುತ್ತದಲ್ಲ ಎಂದು ಅವನಿಗೆ ಹೆದರಿಕೆಯಾಯಿತು. ಮನೆಯಲ್ಲಿ ಇಲ್ಲದೆ ಹೋದರೆ ಲಕೋಟೆಯನ್ನು ಬಾಗಿಲ ಸಂದಿಯಲ್ಲಿ ತೂರಿಸಿ ಬರಬಹುದೆಂದು ಆಸೆಪಟ್ಟ.

ಮನೆಯಲ್ಲೇ ಇದ್ದ. ಶೀಟಿನ ಮಾಡು, ಎದುರಿಗೆ ಎರಡಾಳು ಕೂರುವಷ್ಟು ಜಗಲಿ. ಅಲ್ಲಿ ಕೂತು ಉಗುರಿನೊಳಗಿನ ಕಪ್ಪನ್ನು ಕಡ್ಡಿಯಿಂದ ತೆಗೆಯುತ್ತಿದ್ದ ಸಣ್ಣ ಆಳು, ಕೆನ್ನೆ ಒಳಕ್ಕೆ ಹೋಗಿತ್ತು, ಕೂದಲು ಅರ್ಧ ಬೆಳ್ಳಗಾಗಿತ್ತು. ಪೀಣ್ಯದ ಯಾವುದೋ ಶೆಡ್ಡಿನಲ್ಲಿ ಕಬ್ಬಿಣ ಉಜ್ಜುವ ದಿನಗೂಲಿಯಂತೆ, ಆಮೇಲೆ ಗೊತ್ತಾಯಿತು. ಕಾರ್ಖಾನೆಯ ಹೆಸರು ಹೇಳಿದ ಕೂಡಲೇ ಅವನು ಎದ್ದು ನಿಂತ. ಒಳಗಿಂದ ಅವನ ಹೆಂಡತಿ ದ್ರೌಪದಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, ಲಕೋಟೆಯನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟಳು.

“ಆವತ್ತೂ ಇಂಥದ್ದೇ ಕವರ್ ಬಂದಿತ್ತು,” ಎಂದಳು. “ಇನ್ನೇನೈತೆ ಸಾಮಿ ನಮ್ಮತ್ರ ಕಿತ್ಕಳಾಕೆ?”

“ಇಲ್ಲಮ್ಮ, ಹೆದರ್ಬೇಡಿ. ಇದು ಆಮಂತ್ರಣ. ಗುರುವಾರ ಒಂದು ಸಭೆ ಇದೆ, ನೀವು ಬರ್ಬೇಕು ಅಂತ ನಮ್ಮ ಸಾಹೇಬ್ರು ಕಳಿಸಿದ್ದಾರೆ.” ಇಲ್ಲಿಯೇ ಹೇಳಬೇಕಿತ್ತು, ಉಪೇಂದ್ರ ಉಸಿರು ತೆಗೆದುಕೊಂಡ. ಅಷ್ಟರಲ್ಲಿ ಮುನಿಆಂಜಿನಪ್ಪ ಮಾತಾಡಿದ.

“ನಾನು ಬಂದಿದ್ದೆ ಸಾ,” ಎಂದ. ಎಷ್ಟೋ ದಿನದಿಂದ ಬಾಯಲ್ಲಿ ಇಟ್ಟುಕೊಂಡದ್ದನ್ನು ಕೆಳಗೆ ಇಳಿಸಿದ ಹಾಗಿತ್ತು ಆ ದನಿ. “ಆ ತಿಂಗ್ಳು ಒಂದಿನಾನೂ ತಪ್ಪಿಸ್ಲಿಲ್ಲ. ಜ್ವರ ಬಂದಿದ್ದಾಗ್ಲೂ ಬಂದಿದ್ದೆ. ಇಂಗಿಂಗೆ ಅಂತ ಯೋಳಿದ್ರೆ ಮಿಷನ್ ಸುಳ್ಳು ಯೋಳ್ತದೇನೋ ಅಂತ ನಗಾಡಿದ್ರು.”

“ಗೊತ್ತು,” ಎಂದ ಉಪೇಂದ್ರ.

ಅದು ಬಾಯಿ ತಪ್ಪಿ ಬಂದದ್ದು. ಇಬ್ಬರೂ ಅವನನ್ನು ನೋಡಿದರು. ದ್ರೌಪದಮ್ಮ ಹೊಸ್ತಿಲು ದಾಟಿ ಹೊರಗೆ ಬಂದಳು. “ಗೊತ್ತಾಯ್ತಾ ಸಾಮಿ? ನಿಮಗೆ ಗೊತ್ತಾಯ್ತಾ, ಇವ್ರು ಬಂದಿದ್ರು ಅಂತ?”

“ಆಯ್ತು. ಮಿಷನ್ನಿಂದು ತಪ್ಪು. ಅಂದ್ರೆ, ನಮ್ಮ ವಿಭಾಗದ್ದು. ಗುರುವಾರ ಸಾಹೇಬ್ರು ಅದನ್ನ ಎಲ್ಲರ ಮುಂದೆ ಓದಿ ಹೇಳ್ತಾರೆ.”

“ಎಲ್ಲಾರ ಮುಂದೇನಾ? ಜಿ.ಎಂ. ಸಾಯೇಬ್ರೂ ಇರ್ತಾರಾ?”

“ಇರ್ತಾರೆ.”

ದ್ರೌಪದಮ್ಮ ಅಲ್ಲೇ ಜಗಲಿಯ ಕಂಬ ಹಿಡಿದು ಕೂತಳು. ಅಳಲಿಲ್ಲ. ಗಂಡನ ಕಡೆ ತಿರುಗಿ, “ಯೋಳಿರ್ಲಿಲ್ವಾ ನಾನು, ಒಂದಲ್ಲ ಒಂದಿನ ಕರೀತಾರೆ ಅಂತ,” ಎಂದಳು. ಮುನಿಆಂಜಿನಪ್ಪ ಲಕೋಟೆಯನ್ನು ಬಿಚ್ಚದೆ ಎರಡು ಕೈಯಲ್ಲೂ ಹಿಡಿದುಕೊಂಡಿದ್ದ, ಕೈಯ ಕಪ್ಪು ಅದಕ್ಕೆ ಹತ್ತಬಾರದೆಂದು ಬೆರಳ ತುದಿಯಲ್ಲಿ ಮಾತ್ರ. ತಪ್ಪು ಎಂದು ಎಲ್ಲರ ಮುಂದೆ ಒಪ್ಪಿಕೊಂಡ ಮೇಲೆ ಕೆಲಸ ವಾಪಸು ಕೊಡದೆ ಇರುವ ಲೋಕವೊಂದು ಇರಬಹುದೆಂದು ಆ ಇಬ್ಬರ ತಲೆಗೂ ಬರಲಿಲ್ಲ. ಬರಬೇಕಾದ ಕಾರಣವೂ ಇರಲಿಲ್ಲ. ಉಪೇಂದ್ರನಿಗೆ ನಾಲಿಗೆಯ ಮೇಲೆ ವಾಕ್ಯ ಸಿದ್ಧವಾಗಿತ್ತು: ಕೆಲಸದ ವಿಷಯ ಅಲ್ಲ ಇದು. ನಾಲ್ಕು ಮಾತು. ಅದನ್ನು ಹೇಳಿದರೆ ಈ ಹೆಂಗಸಿನ ಮುಖ ಏನಾಗುತ್ತದೋ ಅದನ್ನು ತಾನು ನಿಂತು ನೋಡಬೇಕು. ಹೇಳದಿದ್ದರೆ ಗುರುವಾರದವರೆಗೆ ನೋಡಬೇಕಾಗಿಲ್ಲ, ಗುರುವಾರ ಸಭೆಯಲ್ಲಿ ಮುನ್ನೂರು ಜನರಿರುತ್ತಾರೆ.

“ಎಷ್ಟೊತ್ಗೆ ಬರ್ಬೇಕು ಸಾ?” ಎಂದ ಮುನಿಆಂಜಿನಪ್ಪ. “ಫಸ್ಟ್ ಶಿಫ್ಟಿಗೇನಾ?”

“ಇಲ್ಲ, ಹತ್ತು ಗಂಟೆಗೆ ಬಂದ್ರೆ ಸಾಕು.”

“ಊಟ ಕಟ್ಟಿ ಕಳಿಸ್ಲಾ?” ಎಂದಳು ದ್ರೌಪದಮ್ಮ.

“ಬೇಡಮ್ಮ, ಊಟ ಅಲ್ಲೇ ಇರುತ್ತೆ.”

ಎಲ್ಲವೂ ನಿಜವೇ. ಒಂದೂ ಸುಳ್ಳಾಡದೆ ಅವನು ಸ್ಕೂಟರಿನ ಹತ್ತಿರ ಬಂದ. ಹಿಂದೆ ಒಳಗೆ ಟ್ರಂಕು ಎಳೆದ ಸದ್ದಾಯಿತು. ದ್ರೌಪದಮ್ಮ ಒಂದು ನೀಲಿ ಅಂಗಿಯನ್ನು ಹಿಡಿದು ಓಡಿ ಬಂದಳು. ಕಾರ್ಖಾನೆಯ ಯೂನಿಫಾರಂ, ಜೇಬಿನ ಮೇಲೆ ಲಾಂಛನ ಮಾಸಿತ್ತು, ಮಡಿಕೆಗಳಲ್ಲಿ ಬಣ್ಣ ಹೋಗಿ ಬಿಳಿ ಗೆರೆ ಬಿದ್ದಿತ್ತು. ಅಂಗಿಯನ್ನು ಗಂಡನ ಹೆಗಲಿಗೆ ಹಿಡಿದು ಅಳತೆ ನೋಡಿದಳು. ಅವನು ಇಳಿದುಹೋಗಿದ್ದ, ಭುಜ ದೊಗಳೆಯಾಯಿತು.

“ಒಂಚೂರು ಒಲ್ದು ಬಿಗಿ ಮಾಡಿದ್ರೆ ಆಯ್ತದೆ,” ಎಂದಳು ಅವಳು. “ಇದನ್ನೇ ಆಕ್ಕಂಡ್ ಬರ್ಬೌದಾ ಸಾಮಿ, ಇಲ್ಲ ಈಗ ಬ್ಯಾರೆ ಬಣ್ಣ ಮಾಡವ್ರಾ?”

ಉಪೇಂದ್ರ ಸ್ಕೂಟರಿನ ಹ್ಯಾಂಡಲು ಹಿಡಿದು ನಿಂತಿದ್ದ. ಮುನಿಆಂಜಿನಪ್ಪ ಅವನನ್ನೇ ನೋಡುತ್ತಿದ್ದ, ಹೆಗಲ ಮೇಲಿನ ಅಂಗಿ ಜಾರದಂತೆ ಅಲ್ಲಾಡದೆ ನಿಂತುಕೊಂಡು.

“ಅದೇ ಬಣ್ಣ,” ಎಂದ ಉಪೇಂದ್ರ. “ಹಾಕ್ಕೊಂಡೇ ಬನ್ನಿ.”

ಅವನು ಸ್ಕೂಟರನ್ನು ರಸ್ತೆಗೆ ತಿರುಗಿಸುವಷ್ಟರಲ್ಲಿ ದ್ರೌಪದಮ್ಮ ಬಕೆಟ್ಟು ತಂದು ಅಂಗಿಯನ್ನು ನೀರಿಗೆ ಹಾಕಿದ್ದಳು.